ಎಡಗಡೆ ಉಳಿದ ಚೌಕಗಳು

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು ಹೇಮಾವತಿ. ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿನ ಪಂಚಾಯಿತಿ ಸದಸ್ಯ ಮೂರ್ತಪ್ಪ ಇದನ್ನು ಓದಿ, ತನ್ನ ಬಗ್ಗೆ ಬರೆದದ್ದು ಕಡಿಮೆಯಾಯಿತೆಂದು ತಕರಾರು ತೆಗೆಯುತ್ತಾನೆ. ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಬಂದ ಪೇಪರುಗಳನ್ನು ಮೇಜಿನ ಮೇಲೆ ಹರಡಿದ ಮೇಲೆ ಹೇಮಾವತಿ ಮಾಡುವ ಮೊದಲ ಕೆಲಸ ಕಂಪ್ಯೂಟರ್ ಹಾಕಿಕೊಂಡು ಆಟಕ್ಕೆ ಕೂರುವುದು. ಕದ್ದುಮುಚ್ಚಿ ಅಲ್ಲ. ಬೀದಿಯಲ್ಲಿ ಹೋಗುವವರಿಗೆಲ್ಲ ಅವಳ ಬೆನ್ನೂ ಪರದೆಯ ಬಣ್ಣಗಳೂ ಕಾಣುತ್ತವೆ. ಸರ್ಕಾರಿ ಜಾಗದಲ್ಲಿ ಕೂತು ಆಟ ಆಡುತ್ತಾಳಲ್ಲ ಎಂದು ಮೂಗು ಮುರಿಯುವವರು, ಆ ಆಟದಿಂದ ಏನಾಯಿತೆಂದು ತಿಳಿದ ಮೇಲೆ ಬೇಕಾದರೆ ಮುರಿಯಲಿ.

ಗ್ರಂಥಾಲಯಕ್ಕೆ ಅರಿವು ಕೇಂದ್ರವೆಂಬ ಹೊಸ ಬೋರ್ಡು ಬಂದಾಗ ಅದರ ಹಿಂದೆಯೇ ಒಂದೆರಡು ಕಂಪ್ಯೂಟರುಗಳೂ ಬಂದಿದ್ದವು. ನೋಡಲು ಜನ ಬಂದರು. ಬಂದವರು ದೂರದಲ್ಲೇ ನಿಂತು, ಮುಟ್ಟಿದರೆ ಕೆಟ್ಟೀತೆಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆ ಕೈಗಳನ್ನು ಮೌಸಿನ ಮೇಲೆ ತರುವುದು ಹೇಗೆಂದು ಹೇಮಾವತಿ ತಲೆ ಕೆಡಿಸಿಕೊಂಡಳು. ಪಹಣಿ ತೆಗೆಯುವುದನ್ನು ತೋರಿಸುತ್ತೇನೆ ಎಂದರೆ ಯಾರೂ ಕೂರಲಿಲ್ಲ. ಒಂದು ಮಧ್ಯಾಹ್ನ ಬೇಜಾರಿಗೆಂದು ಅವಳು ಗುಳ್ಳೆ ಒಡೆಯುವ ಆಟವೊಂದನ್ನು ತೆರೆದಿದ್ದಳು. ಅಂಗನವಾಡಿಯ ಏಕನಾಥಮ್ಮ ಪೇಪರ್ ನೋಡುವ ನೆಪದಲ್ಲಿ ಬಂದು ಹಿಂದೆ ನಿಂತಳು. ಕೆಂಪು ಗುಳ್ಳೆಯನ್ನು ಆ ಕಡೆ ಹೊಡೆ, ಈ ಕಡೆ ಹೊಡೆ ಎಂದು ಸ್ವಲ್ಪ ಹೊತ್ತು ಹೇಳಿದಳು. ಕೊನೆಗೆ ತಡೆಯಲಾರದೆ ಮೌಸನ್ನೇ ಕಿತ್ತುಕೊಂಡಳು. ಹೇಮಾವತಿಗೆ ದಾರಿ ಸಿಕ್ಕಿತು.

ಬಿಟ್ಟಿ ಆಟಗಳು ಇಂಟರ್‌ನೆಟ್ಟಿನಲ್ಲಿ ರಾಶಿ ಬಿದ್ದಿವೆ, ಆದರೆ ರಾಶಿಯಲ್ಲಿ ಜೊಳ್ಳೇ ಹೆಚ್ಚು. ಹೇಮಾವತಿ ಕಾಳು ತೂರುವವಳಂತೆ ಕೂತಳು. ಆಟ ಶುರುವಾಗುವ ಮೊದಲೇ ಫೋನ್ ನಂಬರ್ ಕೇಳಿದರೆ ಅದನ್ನು ಅಲ್ಲಿಗೇ ಮುಚ್ಚಿದಳು. ಪಕ್ಕದಲ್ಲಿ ರಮ್ಮಿ ಆಡಲು ಕರೆಯುವ ಜಾಹೀರಾತು ಕುಣಿದರೆ, ಆಟ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಅವಳ ಕೇಂದ್ರದಲ್ಲಿ ಜಾಗವಿಲ್ಲ. ಅಲ್ಲಿನ ನೆಟ್ ಎತ್ತಿನಗಾಡಿಯಂತೆ ಬರುವುದರಿಂದ ಭಾರದ ಆಟಗಳೂ ಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ಬಸ್ಸು ಬಂತೆಂದು ನಡುವೆ ಎದ್ದು ಹೋಗಲು ಬಿಡದ ಆಟವನ್ನು ಅವಳು ನಂಬುವುದಿಲ್ಲ. ಇಷ್ಟೆಲ್ಲ ಆದ ಮೇಲೂ ತಾನೇ ಆಡಿ ಸೋಲದೆ ಇನ್ನೊಬ್ಬರಿಗೆ ಕೊಟ್ಟವಳಲ್ಲ. ಅವಳೇನು ಒಳ್ಳೆಯ ಆಟಗಾರ್ತಿಯಲ್ಲ. ಅಂಕಿ ಜೋಡಿಸುವ ಆಟದಲ್ಲಿ ಅವಳು ಸೋಲುವುದನ್ನು ನೋಡಿದರೆ ಅಯ್ಯೋ ಪಾಪ ಎನಿಸುತ್ತದೆ. ಆದರೆ ಯಾವ ಮನುಷ್ಯನಿಗೆ ಯಾವ ಆಟ ಒಗ್ಗುತ್ತದೆ ಎಂಬುದನ್ನು ಮುಖ ನೋಡಿ ಹೇಳುವ ಶಕ್ತಿ ಅವಳಿಗಿದೆ. ಅದು ಎಲ್ಲಿಂದ ಬಂತೋ ಅವಳಿಗೂ ಗೊತ್ತಿಲ್ಲ.

ಮೂರ್ತಪ್ಪ ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತು, ಗ್ರಂಥಾಲಯ ಇಸ್ಪೀಟು ಕ್ಲಬ್ಬಾಗಿದೆ, ಕಂಪ್ಯೂಟರುಗಳಿಗೆ ಬೀಗ ಹಾಕಬೇಕು ಎಂದು ಹಾರಾಡಿದ್ದ. ಮಾರನೆಯ ದಿನ ಪರಿಶೀಲನೆಗೆಂದು ಬಂದವನನ್ನು ಹೇಮಾವತಿ ಕುರ್ಚಿ ಒರೆಸಿ ಕೂರಿಸಿ ಚದುರಂಗ ತೆರೆದುಕೊಟ್ಟಳು. ನೋಡನೋಡುತ್ತಿದ್ದಂತೆ ಕಂಪ್ಯೂಟರು ಅವನ ರಾಜನನ್ನು ಕಟ್ಟಿಹಾಕಿತು. ಮೌಸು ಜಾರಿತೆಂದ ಮೂರ್ತಪ್ಪ. ಅಂದಿನಿಂದ ದಿನವೂ ಊಟಕ್ಕೆ ಮುಂಚೆ ಬಂದು ಸೇಡು ತೀರಿಸಿಕೊಳ್ಳಲು ಕೂರುತ್ತಿದ್ದ. ಆದರೂ ಬೀಗದ ಮಾತನ್ನು ಮಾತ್ರ ವಾಪಸ್ ತೆಗೆದುಕೊಂಡಿರಲಿಲ್ಲ.

ಹೀಗೆ ನಡೆಯುತ್ತಿದ್ದಾಗ ಗೊಲ್ಲಪ್ಪ ಬಂದ. ಊರಾಚೆಯ ಹಟ್ಟಿಯವನು, ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವನು. ಹಗಲು ಹೊತ್ತು ಅವನನ್ನು ಸೂರಿನ ಕೆಳಗೆ ಕಂಡವರೇ ಇರಲಿಲ್ಲ. ಕುರಿಗಳನ್ನು ಎಣಿಸಿದರೆ ಮಂದೆ ಇಳಿಯುತ್ತದೆ ಎಂಬ ನಂಬಿಕೆ ಅವರ ಮನೆಯದು. ಸಂಜೆ ಕುರಿರೊಪ್ಪದ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಒಂದೊಂದರ ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಗೊಲ್ಲಪ್ಪ ಹೇಳುತ್ತಿದ್ದ. ಅಂಥವನ ಮಂದೆಯಿಂದ ಆ ಬೇಸಿಗೆಯಲ್ಲಿ ಕುರಿಗಳು ಹೋಗತೊಡಗಿದವು. ಅವನು ಯಾವಾಗಲೂ ಮಂದೆಯ ಬಲಪಕ್ಕದಲ್ಲಿ ನಡೆಯುತ್ತಿದ್ದ, ಮಂದೆ ಅವನ ಎಡಕ್ಕಿರುತ್ತಿತ್ತು. ತೋಳ ಬಂದದ್ದೆಲ್ಲ ಆ ಎಡಗಡೆಯಿಂದಲೇ. ತೋಳ ಗೊಲ್ಲಪ್ಪನ ಎಡಬದಿ ಕಲಿತುಬಿಟ್ಟಿದೆ ಎಂದು ಹಟ್ಟಿಯ ಹಿರಿಯರು ತೀರ್ಮಾನಿಸಿ ದೇವರಿಗೆ ಹಣ್ಣುಕಾಯಿ ಮಾಡಿಸಿದರು. ಅದಾದ ಮೇಲೂ ಒಂದು ಕುರಿ ಹೋಯಿತು, ಅದೂ ಗಬ್ಬದ ಕುರಿ. ಮಗ ಸುದೀಪ್ ಅಪ್ಪನನ್ನು ಬೈಯಲಿಲ್ಲ. ಅಪ್ಪನ ಕೋಲನ್ನು ತಾನು ಹಿಡಿದುಕೊಂಡು, ನೀನು ಮನೆಯಲ್ಲಿರು ಎಂದ. ಬೈದಿದ್ದರೆ ಗೊಲ್ಲಪ್ಪ ತಡೆದುಕೊಳ್ಳುತ್ತಿದ್ದನೇನೋ.

ಮನೆಯಲ್ಲಿ ಕೂರಲಾರದೆ ಅವನು ಅರಿವು ಕೇಂದ್ರದ ಬೆಂಚಿಗೆ ಬಂದು ಕೂತ. ಅಲ್ಲಿ ಫ್ಯಾನ್ ಇತ್ತು, ಬಾಗಿಲಿನಿಂದ ಮಂದೆಗಳು ಹೋಗುವ ರಸ್ತೆ ಕಾಣುತ್ತಿತ್ತು. ಒಳಗೆ ಬರುವಾಗಲೆಲ್ಲ ಬಾಗಿಲ ಚೌಕಟ್ಟಿಗೆ ಎಡಹೆಗಲು ತಾಗಿಸಿಕೊಳ್ಳುತ್ತಿದ್ದ. ವಯಸ್ಸಾಯಿತು ಎಂದುಕೊಂಡಳು ಹೇಮಾವತಿ. ಅವನ ಮುಖ ನೋಡಿದರೆ ಅವಳಿಗೆ ಸಂಕಟವಾಗುತ್ತಿತ್ತು. ಇವನಿಗೊಂದು ಆಟ ಹುಡುಕಲೇಬೇಕೆಂದು ಹಟ ಹಿಡಿದಳು.

ಹುಡುಕಿದಾಗ ಕುರಿ ಅಟ್ಟುವ ಆಟವೇ ಸಿಕ್ಕಿತು. ಮೌಸಿನ ಬಾಣವೇ ನಾಯಿ, ಅದನ್ನು ಹತ್ತಿರ ಒಯ್ದರೆ ಕುರಿಗಳು ಬೆದರಿ ಓಡುತ್ತವೆ, ಹಾಗೆ ಓಡಿಸಿ ದೊಡ್ಡಿಗೆ ತುಂಬಬೇಕು. ಇದಕ್ಕಿಂತ ಹೊಂದುವ ಆಟ ಬೇರೆಯಿಲ್ಲ ಎಂದು ಅವಳು ಹಿಗ್ಗಿದಳು. ಗೊಲ್ಲಪ್ಪ ಬಾಣವನ್ನು ಕುರಿಗಳ ಮುಂದೆ ಇಟ್ಟು, ನಾಲಿಗೆಯಿಂದ ಟುರ್ ಎಂದು ಕರೆದು, ಅವು ಹಿಂದೆ ಬರಲೆಂದು ಕಾದ. ಅವು ದಿಕ್ಕಾಪಾಲಾಗಿ ಓಡಿದವು. ಮತ್ತೆ ಮುಂದೆ ಹೋಗಿ ನಿಂತು ಕರೆದ, ಮತ್ತೆ ಓಡಿದವು. ಮೂರ್ತಪ್ಪ ಪಕ್ಕದ ಕುರ್ಚಿಯಲ್ಲಿ ಬಿದ್ದೂ ಬಿದ್ದೂ ನಕ್ಕ. ಗೊಲ್ಲಪ್ಪ ಮೌಸ್ ಬಿಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡ.

"ಕಾಯೋನ್ನ ಕಂಡ್ರೆ ಓಡ್ತಾವಲ್ಲ ಹೇಮವ್ವ. ಯಾರೋ ಇವನ್ನ ಹೊಡ್ದು ಹೊಡ್ದು ಹೆದರ್ಸ್ಯಾರೆ. ಬ್ಯಾಡ, ಮುಚ್ಚಿಬಿಡು," ಎಂದ.

ಅವಳು ಮುಚ್ಚಿದಳು. ಆಮೇಲೆ ಹುಡುಕಿದ್ದು ಜೋಡಿ ಆಟ. ಪರದೆಯ ತುಂಬ ಮುಚ್ಚಿದ ಚೌಕಗಳು. ಒಂದನ್ನು ಒತ್ತಿದರೆ ಒಂದು ಪ್ರಾಣಿಯ ಮುಖ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಅದರ ಜೊತೆಯದು ಎಲ್ಲಿತ್ತೆಂದು ನೆನಪಿಟ್ಟುಕೊಂಡು ಹಿಡಿಯಬೇಕು, ಹಿಡಿದರೆ ಜೋಡಿ ಪರದೆಯಿಂದ ಮಾಯವಾಗುತ್ತದೆ. ಮುಖಗಳ ವಿಷಯ ಬಂದರೆ ಗೊಲ್ಲಪ್ಪನನ್ನು ಮೀರಿಸುವವರು ಯಾರು? ಒಂದು ಸಲ ಕಂಡ ಮುಖವನ್ನು ಅವನು ಬಿಡಲಿಲ್ಲ. ಮೇಲ್ಗಡೆ ಬಲಮೂಲೆಯಲ್ಲಿ ಎಷ್ಟು ಸಲ ಒತ್ತಿದೆ ಎಂಬ ಎಣಿಕೆ ಓಡುತ್ತಿತ್ತು. ಅದನ್ನು ಕಂಡು ಅವನಿಗೆ ಕಸಿವಿಸಿಯಾಯಿತು. ಎಣಿಸುವುದು ಒಳ್ಳೆಯದಲ್ಲ, ಮುಚ್ಚು ಎಂದ. ಹೇಮಾವತಿ ನಗು ತಡೆದುಕೊಂಡು ಆ ಮೂಲೆಗೆ ಕಾಗದದ ಚೂರು ಅಂಟಿಸಿದಳು. ಎಡಮೂಲೆಯಲ್ಲಿ ಗಡಿಯಾರದ ಅಂಕಿಯೂ ಓಡುತ್ತಿತ್ತು. ಅದರ ಬಗ್ಗೆ ಅವನು ಚಕಾರವೆತ್ತಲಿಲ್ಲ. ಅವಳೂ ಆಗ ಅದನ್ನು ಯೋಚಿಸಲಿಲ್ಲ.

ಆದರೆ ಆಟ ಮುಗಿಯುತ್ತಿರಲಿಲ್ಲ. ಬಲಗಡೆಯ ಜೋಡಿಗಳನ್ನೆಲ್ಲ ಚಕಚಕನೆ ಹಿಡಿಯುತ್ತಿದ್ದ ಗೊಲ್ಲಪ್ಪ ಒಂದು ಹಂತದಲ್ಲಿ ಸುಮ್ಮನಾಗುತ್ತಿದ್ದ. ಉಳಿದ ಒಂದೊಂದನ್ನು ತೆರೆದು ನೋಡಿ, "ಇದ್ರ ಜೊತೇದು ಇಲ್ಲ. ಹೋಗೈತೆ," ಎನ್ನುತ್ತಿದ್ದ. ಎಡಗಡೆ ಸಾಲಿಗೆ ಸಾಲೇ ಮುಚ್ಚಿದ ಚೌಕಗಳಿರುತ್ತಿದ್ದವು. ಒಂದು ದಿನ ನರಿಯ ಮುಖವೊಂದನ್ನು ನೋಡುತ್ತ, ಇದರ ಜೊತೆಗಾರನನ್ನೂ ತೋಳ ಒಯ್ದಿತು ಎಂದು ಕಣ್ಣಲ್ಲಿ ನೀರು ತಂದುಕೊಂಡ.  ಕಳೆದುಕೊಂಡ ಕುರಿಗಳ ದುಃಖ ಇನ್ನೂ ಇಳಿದಿಲ್ಲ, ಅದಕ್ಕೇ ಹೀಗಾಡುತ್ತಾನೆ, ತಾನು ತಪ್ಪು ಆಟ ಕೊಟ್ಟೆ ಎಂದುಕೊಂಡಳು ಹೇಮಾವತಿ. ನಾಳೆಯಿಂದ ಬೇರೆ ಯಾವುದಾದರೂ ಹಗುರಾದದ್ದನ್ನು ತೆರೆಯುವುದೆಂದು ನಿಶ್ಚಯಿಸಿದಳು. ಹಾಗೆ ಮಾಡಿದ್ದರೆ ಗೊಲ್ಲಪ್ಪನ ಗತಿ ಏನಾಗುತ್ತಿತ್ತೋ.

ಪುಣ್ಯಕ್ಕೆ ಮಾರನೆಯ ದಿನ ಅವನ ಹೆಂಡತಿ ಯಲ್ಲಕ್ಕ ಬಂದಳು, ಗಂಡನನ್ನು ಹುಡುಕಿಕೊಂಡಲ್ಲ, ಗಂಡನ ಮೇಲೆ ದೂರು ಹೇಳಲು. ಅವನಿನ್ನೂ ಬಂದಿರಲಿಲ್ಲ. ಹೊಸದುರ್ಗದ ಕಡೆ ನೆಂಟರ ಮದುವೆಗೆ ಹೋಗಿದ್ದೆವು, ಪಂಕ್ತಿಯಲ್ಲಿ ಎಲ್ಲರೆದುರು ಮಾನ ಕಳೆದ ಎಂದು ಶುರುಮಾಡಿದಳು. ಎಲೆಯಲ್ಲಿ ಉಪ್ಪು ಉಪ್ಪಿನಕಾಯಿ ಬಡಿಸಿದ್ದರೂ, ನಮ್ಮನ್ನು ಲೆಕ್ಕಕ್ಕಿಟ್ಟಿಲ್ಲ, ಉಪ್ಪಿನಕಾಯಿ ಕೂಡ ಹಾಕಿಲ್ಲ ಎಂದು ಬಡಿಸುವ ಹುಡುಗರ ಮೇಲೆ ರೇಗಿದನಂತೆ. ಮನೆಯಲ್ಲೂ ಹೀಗೆಯೇ, ತಟ್ಟೆಯಲ್ಲಿ ಅರ್ಧ ಪಲ್ಯ ಬಿಟ್ಟು, ಇನ್ನಷ್ಟು ಹಾಕು ಎನ್ನುತ್ತಾನಂತೆ.

"ಮನ್ಸಿಗೆ ಹಚ್ಕಂಡು ಹಿಂಗಾಗ್ಯಾನೆ ಹೇಮಕ್ಕ. ಎಲೆ ಮೇಲಿರೋದ್ ಕಾಣಲ್ಲ ಅಂದ್ರೆ ಏನ್ ಹೇಳಾಣ," ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು.

ನಮ್ಮ ಊಟದೆಲೆಯಲ್ಲಿ ಉಪ್ಪು ಉಪ್ಪಿನಕಾಯಿ ಬಡಿಸುವುದು ಎಡತುದಿಗೆ. ಹೇಮಾವತಿಯ ಕೈಯಲ್ಲಿದ್ದ ಪೇಪರ್ ಹಾಗೇ ನಿಂತಿತು. ಪರದೆಯ ಎಡಗಡೆ ಉಳಿದ ಚೌಕಗಳು, ಅವನು ಎತ್ತದೇ ಹೋದ ಗಡಿಯಾರದ ಮಾತು, ಚೌಕಟ್ಟಿಗೆ ತಾಗುತ್ತಿದ್ದ ಎಡಹೆಗಲು, ಎಡಗಡೆಯಿಂದಲೇ ಬರುವ ತೋಳ. ಎಲ್ಲ ಒಟ್ಟಿಗೆ ಅವಳ ತಲೆಗೆ ಬಂದವು. ಯಲ್ಲಕ್ಕನಿಗೆ ಏನೂ ಹೇಳದೆ, ಕೂತ್ಕಳ್ರಿ, ಟೀ ತರಿಸುತ್ತೇನೆ ಎಂದಳು.

ಗೊಲ್ಲಪ್ಪ ಬಂದು ಆಟಕ್ಕೆ ಕೂತ. ಹೇಮಾವತಿ ಟೀ ಲೋಟ ಹಿಡಿದು ಅವನ ಎಡಪಕ್ಕಕ್ಕೆ ಹೋಗಿ, ಮಾತಾಡದೆ, ಲೋಟವನ್ನು ಅವನ ಮುಖದ ಸಮಕ್ಕೆ ಚಾಚಿ ನಿಂತಳು. ಟೀ ಹೊಗೆಯಾಡುತ್ತಿತ್ತು. ಅವನು ಪರದೆ ನೋಡುತ್ತಲೇ ಇದ್ದ. ವಾಸನೆ ಬಂದು, "ಎಲ್ಲೋ ಟೀ ಬಂದಂಗೈತೆ," ಎಂದ. ಅವಳು ಹಾಗೇ ಹಿಂದಿನಿಂದ ಸುತ್ತಿ ಬಲಗಡೆ ಬಂದಾಗ ಗೊಲ್ಲಪ್ಪ ನಕ್ಕು, ಈಗ ಬಂದೆಯಾ ಎಂದು ಲೋಟ ತೆಗೆದುಕೊಂಡ. ಮೂಲೆಯಲ್ಲಿ ನೋಡುತ್ತ ಕೂತಿದ್ದ ಯಲ್ಲಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಚದುರಂಗ ಬಿಟ್ಟು ಇತ್ತಲೇ ನೋಡುತ್ತಿದ್ದ ಮೂರ್ತಪ್ಪ ಎದ್ದು, ಒಂದು ಮಾತನ್ನೂ ಆಡದೆ ಓಮ್ನಿ ವ್ಯಾನು ತರಲು ಹೋದ. ಅವನ ಜೀವಮಾನದಲ್ಲಿ ಮಾತಿಲ್ಲದೆ ಮಾಡಿದ ಕೆಲಸ ಅದೊಂದೇ ಇರಬೇಕು.

ಹಿರಿಯೂರಿನ ಆಸ್ಪತ್ರೆಯಲ್ಲಿ ಬಿಪಿ ನೋಡಿದ ನರ್ಸಮ್ಮ, ಯಂತ್ರ ತಪ್ಪಿರಬೇಕೆಂದು ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದರು. ಯಂತ್ರ ತಪ್ಪಿರಲಿಲ್ಲ. ಅಲ್ಲಿಂದ ಚಿತ್ರದುರ್ಗಕ್ಕೆ ಕಳಿಸಿದರು, ತಲೆಯ ಸ್ಕ್ಯಾನ್ ಆಯಿತು. ಅಲ್ಲಿನ ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಕಣ್ಣುಗಳೆರಡೂ ಚೆನ್ನಾಗಿವೆ. ತಲೆಯ ಹಿಂಭಾಗದಲ್ಲಿ, ನೋಡಿದ್ದನ್ನು ಅರಿಯುವ ಜಾಗದಲ್ಲಿ, ಕೆಲವು ತಿಂಗಳ ಹಿಂದೆ ಸಣ್ಣದೊಂದು ಸ್ಟ್ರೋಕ್ ಆಗಿದೆ. ಕೈಕಾಲು ಬೀಳಲಿಲ್ಲ, ಬಾಯಿ ಸೊಟ್ಟಗಾಗಲಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ಎಡಗಡೆಯದು ಅವರಿಗೆ ಕತ್ತಲೆಯಾಗಿಯೂ ಕಾಣುವುದಿಲ್ಲ, ಅಲ್ಲಿ ಏನೋ ಇದೆ ಎಂಬುದೇ ತಿಳಿಯುವುದಿಲ್ಲ. ಈ ಬಿಪಿಯಲ್ಲಿ ಹೀಗೇ ಬಿಟ್ಟಿದ್ದರೆ ಇನ್ನೊಂದು ಬರುತ್ತಿತ್ತು, ಅದು ಸಣ್ಣದಾಗಿರುತ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು ಎಂದು ಅವರು ಕೇಳಿದಾಗ ಹೇಮಾವತಿ ಸಂಕೋಚದಿಂದ ಆಟದ ಸಂಗತಿ ಹೇಳಿದಳು. ಡಾಕ್ಟರು ಆಗಲೇ ಫೋನಿನಲ್ಲಿ ಆ ಆಟ ತೆರೆದು ನೋಡಿ, ಇದನ್ನೇ ದಿನಾ ಆಡಿಸಿ, ಎಡತುದಿಗೆ ಕೆಂಪು ಪಟ್ಟಿ ಅಂಟಿಸಿ, ಅದು ಕಾಣುವವರೆಗೆ ಕತ್ತು ತಿರುಗಿಸಿ ಆಮೇಲೆ ಆಡಲಿ ಎಂದರು.

ಗೊಲ್ಲಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ: "ಮಂದೆ ಹಿಂದೆ ಹೋಗಬೌದಾ ಡಾಕ್ಟ್ರೇ?"

ಸದ್ಯಕ್ಕೆ ಬೇಡ, ಬಿಪಿ ಇಳಿಯಲಿ, ಎಡಗಡೆ ನೋಡುವುದು ರೂಢಿಯಾಗಲಿ, ಆಮೇಲೂ ಒಬ್ಬರೇ ಹೋಗುವಂತಿಲ್ಲ ಎಂದರು ಅವರು. ವಾಪಸ್ ಬರುವಾಗ ಗೊಲ್ಲಪ್ಪ ಓಮ್ನಿಯ ಕಿಟಕಿಗೆ ತಲೆಯಾನಿಸಿ ಕೂತಿದ್ದ. ಊರು ಹತ್ತಿರವಾದಾಗ, ಕುರಿಗಳು ಅಲ್ಲೇ ಇದ್ದವು, ನನಗೇ ಕಾಣಲಿಲ್ಲ ಎಂದು ಹೆಂಡತಿಯ ಕೈ ಹಿಡಿದು ಅತ್ತ. ಗಬ್ಬದ ಕುರಿಯ ಹೆಸರು ಹೇಳಿ ಅತ್ತ. 

ಅಲ್ಲಿಂದ ಶುರುವಾದದ್ದು ಹೇಮಾವತಿಯ ನಿಜವಾದ ಕೆಲಸ, ಅದನ್ನು ನೋಡಿದವರು ಕಡಿಮೆ. ಪರದೆಯ ಎಡತುದಿಗೆ ಕೆಂಪು ಟೇಪು ಹಚ್ಚಿದಳು. ಗುಳಿಗೆ ನುಂಗಿದ್ದೀಯಾ ಎಂದು ಕೇಳಿಯೇ ಮೌಸ್ ಕೊಡುತ್ತಿದ್ದಳು. ಕತ್ತು ತಿರುಗಿಸುವುದೆಂದರೆ ಸುಲಭವಲ್ಲ, ಏನೂ ಇಲ್ಲವೆಂದು ಮನಸ್ಸು ಹೇಳುವ ಕಡೆಗೆ ಪ್ರತಿ ಸಲವೂ ಹಟದಿಂದ ನೋಡಬೇಕು. ಕೆಲವು ದಿನ ಗೊಲ್ಲಪ್ಪ ಸಿಟ್ಟಿಗೆದ್ದು ಮೌಸನ್ನು ಕುಕ್ಕಿ ಬೆಂಚಿಗೆ ಹೋಗಿ ಕೂರುತ್ತಿದ್ದ. ಅವಳು ಪುಸಲಾಯಿಸಲಿಲ್ಲ, ಬೈಯಲೂ ಇಲ್ಲ. ಆಟವನ್ನು ತೆರೆದೇ ಬಿಟ್ಟು ತನ್ನ ಪಾಡಿಗೆ ಪುಸ್ತಕ ಜೋಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕುರ್ಚಿ ಎಳೆದ ಸದ್ದು ಕೇಳುತ್ತಿತ್ತು. ಇಂಥ ತಾಳ್ಮೆಯನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ.

ಇತ್ತ ಸುದ್ದಿ ಊರೆಲ್ಲ ಹಬ್ಬಿ, ಜನ ಜೋಡಿ ಆಟಕ್ಕೆ ಸಾಲುಗಟ್ಟಿದರು. ಆಟ ಪೂರಾ ಮುಗಿದರೆ ತಲೆ ಸರಿಯಿದೆ ಎಂದು ಅವರವರೇ ನಿಯಮ ಮಾಡಿಕೊಂಡಿದ್ದರು. ಮೊದಲು ಕೂತವನು ಮೂರ್ತಪ್ಪ. ಎಲ್ಲ ಜೋಡಿ ಹಿಡಿದು ಬೆವರೊರೆಸಿಕೊಂಡ. ಇದು ಆಟ, ಆಸ್ಪತ್ರೆಯಲ್ಲ ಎಂದು ಹೇಮಾವತಿ ಎಲ್ಲರನ್ನೂ ಬಿಪಿ ನೋಡಿಸಿಕೊಳ್ಳಲು ಅಟ್ಟಿದಳು. ಮುಂದಿನ ಸಭೆಯಲ್ಲಿ ಬೀಗದ ಮಾತು ಬರಲಿಲ್ಲ. ಕಂಪ್ಯೂಟರು ಇನ್ನೊಂದಿದ್ದರೆ ಒಳ್ಳೆಯದಿತ್ತು, ಚದುರಂಗಕ್ಕೆ ಜಾಗ ಸಿಗುವುದಿಲ್ಲ ಎಂದು ಮೂರ್ತಪ್ಪನೇ ಎದ್ದು ನಿಂತ.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಹೇಮಾವತಿ ಪೇಪರ್ ತರಲು ಬಸ್ ಸ್ಟಾಪಿಗೆ ಹೋಗಿ ಬಂದಾಗ, ಗೊಲ್ಲಪ್ಪನ ಕುರ್ಚಿ ಮೇಜಿನ ಎದುರಿಗಿರಲಿಲ್ಲ. ಮೇಜಿನ ಎಡತುದಿಯನ್ನೂ ದಾಟಿ ಗೋಡೆಗೆ ತಾಗುವಂತೆ ಎಳೆದುಕೊಂಡು ಕೂತಿದ್ದ. ಅಲ್ಲಿಂದ ಪರದೆಯೆಲ್ಲ ಅವನ ಬಲಕ್ಕಿತ್ತು. ಪರದೆಯ ಮೇಲೆ ಒಂದು ಚೌಕವೂ ಉಳಿದಿರಲಿಲ್ಲ. ಹೇಮಾವತಿಗೆ ಮೊದಲು ಸಿಟ್ಟೇ ಬಂತು. ಕತ್ತು ತಿರುಗಿಸಬೇಕಾದವನು ಕುರ್ಚಿ ತಿರುಗಿಸಿದರೆ ಹೇಗೆ ಎಂದು ಕೇಳಿದಳು.

"ಕತ್ತೂ ತಿರುಗಿಸ್ತೀನವ್ವ, ಬಿಡಲ್ಲ," ಎಂದ ಗೊಲ್ಲಪ್ಪ. "ಆದ್ರೆ ಮಂದೆ ನನ್ ಎಡಕ್ಕಿದ್ರೆ ತಾನೆ ಕಾಣಲ್ಲ? ನಾನೇ ಮಂದೆ ಎಡಕ್ಕೆ ಹೋಗಿ ನಿಂತ್ರೆ ಎಲ್ಲಾವೂ ಬಲಕ್ಕೆ ಬರ್ತಾವೆ."

 ಹುಟ್ಟಿದಾಗಿನಿಂದ ಮಂದೆಯ ಬಲಕ್ಕೆ ನಡೆದ ಮನುಷ್ಯ ಈ ವಯಸ್ಸಿನಲ್ಲಿ ಎಡಕ್ಕೆ ಹೋಗಿ ನಿಲ್ಲುತ್ತೇನೆ ಎನ್ನುತ್ತಿದ್ದ. ಹೇಮಾವತಿಗೆ ಅವನ ಮೇಲೆ ಅಭಿಮಾನ ಉಕ್ಕಿತು, ಪೇಪರ್ ಹರಡುವ ನೆಪ ಮಾಡಿ ಅತ್ತ ತಿರುಗಿದಳು. ಮುಂದಿನ ವಾರ ಚಿತ್ರದುರ್ಗಕ್ಕೆ ಕರೆದೊಯ್ದಾಗ ಡಾಕ್ಟರು ಬಿಪಿ ನೋಡಿ, ಮಗನ ಜೊತೆ ಹೋಗಬಹುದು ಎಂದರು.

ಅವನು ಮತ್ತೆ ಮಂದೆಯ ಜೊತೆ ಹೊರಟ ದಿನ ಹೇಮಾವತಿ ಬಾಗಿಲು ಬೇಗ ತೆಗೆದಳು. ಮಂದೆ ಧೂಳೆಬ್ಬಿಸಿಕೊಂಡು ರಸ್ತೆಗೆ ಬಂತು. ಬಲಕ್ಕೆ ಸುದೀಪ್ ಇದ್ದ, ಎಡಕ್ಕೆ ಕೋಲು ಹಿಡಿದು ಗೊಲ್ಲಪ್ಪ. ಮುಂದಿನ ಟಗರು ಒಡೆಯನನ್ನು ಹಳೆಯ ಜಾಗದಲ್ಲಿ ಹುಡುಕಿ ಗಲಿಬಿಲಿಗೊಳ್ಳುತ್ತಿತ್ತು, ಅವನು ಟುರ್ ಎಂದು ಕರೆದು ಅದಕ್ಕೆ ತನ್ನ ಹೊಸ ಜಾಗ ತೋರಿಸುತ್ತಿದ್ದ. ಅರಿವು ಕೇಂದ್ರ ಇರುವುದು ಅವನ ಎಡಗಡೆಗೆ. ಹೇಮಾವತಿ ಟೀ ಲೋಟ ಹಿಡಿದು ಮೆಟ್ಟಿಲಿಳಿದು ರಸ್ತೆಯಂಚಿಗೆ ಬಂದು ನಿಂತಳು. ಕೂಗಲಿಲ್ಲ, ಕೆಮ್ಮಲೂ ಇಲ್ಲ. ಲೋಟ ಚಾಚಿ ಸುಮ್ಮನೆ ನಿಂತಳು.

ಗೊಲ್ಲಪ್ಪ ಅವಳನ್ನು ದಾಟುವ ಹೊತ್ತಿಗೆ ನಿಂತ. ಪರದೆಯ ಕೆಂಪು ಪಟ್ಟಿ ಹುಡುಕುವಾಗ ತಿರುಗಿಸುವಂತೆ ನಿಧಾನವಾಗಿ ಕತ್ತನ್ನು ಎಡಕ್ಕೆ, ಇನ್ನೂ ಎಡಕ್ಕೆ ತಿರುಗಿಸಿದ.

"ಇಲ್ಲೇ ಇದೀಯಲ್ಲ ಹೇಮವ್ವ," ಎಂದು ಎಡಗೈಯಿಂದಲೇ ಲೋಟ ತೆಗೆದುಕೊಂಡ. ಟೀ ಕುಡಿದು ಲೋಟ ವಾಪಸ್ ಕೊಟ್ಟು ಮಂದೆಯ ಹಿಂದೆ ಹೋದ.